ಕ್ಲೋರಿನ್ ಹಾಕಿದ ನೀರಿನಲ್ಲೂ ಬ್ಯಾಕ್ಟೀರಿಯಾ ಉಳಿಯುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶುದ್ಧೀಕರಿಸಿ ಬಿಟ್ಟ ನೀರಿನಲ್ಲೂ ಬ್ಯಾಕ್ಟೀರಿಯಾ ಇರುತ್ತವೆಯೇ?

ಇರುತ್ತವೆ. ಸೋಂಕು ನಿವಾರಿಸುವುದು ಬೇರೆ, ಕ್ರಿಮಿಶೂನ್ಯ ಮಾಡುವುದು ಬೇರೆ. ಶಸ್ತ್ರಚಿಕಿತ್ಸೆಯ ಕತ್ತರಿಯನ್ನು ಆಟೋಕ್ಲೇವಿನಲ್ಲಿ ಇಟ್ಟು ತೆಗೆದ ಹಾಗೆ ಊರಿನ ನೀರನ್ನು ಯಾರೂ ಕ್ರಿಮಿಶೂನ್ಯ ಮಾಡುವುದಿಲ್ಲ. ರೋಗ ತರುವ ಜೀವಿಗಳನ್ನು ಅಪಾಯವಿಲ್ಲದ ಮಟ್ಟಕ್ಕೆ ಇಳಿಸುವುದಷ್ಟೇ ಗುರಿ. ಈ ಇಳಿಕೆಯನ್ನು ‘ಲಾಗ್’ ಲೆಕ್ಕದಲ್ಲಿ ಹೇಳುತ್ತಾರೆ: 1 ಲಾಗ್ ಎಂದರೆ ಶೇ. 90, 2 ಲಾಗ್ ಶೇ. 99, 3 ಲಾಗ್ ಶೇ. 99.9. ಲೀಟರಿಗೆ 10 ಲಕ್ಷ ಇದ್ದದ್ದು 3 ಲಾಗ್ ಇಳಿದರೂ ಇನ್ನೂ ಸಾವಿರ ಉಳಿದಿರುತ್ತವೆ. ಹಾಗಾಗಿ ಕ್ಲೋರಿನ್ ಹಾಕುವ ಮೊದಲೇ ಸೋಸುವ ಹಂತದಲ್ಲಿ ಎಷ್ಟು ತೆಗೆದಿದ್ದೀರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಕ್ಲೋರಿನ್ನಿಗೆ ಸೆಡ್ಡು ಹೊಡೆದು ನಿಲ್ಲುವ ಬ್ಯಾಕ್ಟೀರಿಯಾ ಕಡಿಮೆ. ಹೆಚ್ಚಿನವು ಉಳಿಯುವುದು ಕ್ಲೋರಿನ್ ಅವುಗಳ ಹತ್ತಿರ ಹೋಗದೇ ಇದ್ದುದರಿಂದ, ಹೋದರೂ ಸಾಕಷ್ಟು ಹೊತ್ತು ನಿಲ್ಲದೇ ಇದ್ದುದರಿಂದ. ಕೆಳಗಿನ ಬಹುತೇಕ ಉತ್ತರಗಳು ಈ ಎರಡು ಕಾರಣಗಳ ಸುತ್ತಲೇ ತಿರುಗುತ್ತವೆ.

ಎಷ್ಟು ಕ್ಲೋರಿನ್, ಎಷ್ಟು ಹೊತ್ತು?

ಎರಡನ್ನೂ ಗುಣಿಸಿ ನೋಡಬೇಕು. 1908ರಲ್ಲಿ ವಿಜ್ಞಾನಿಗಳಾದ ಚಿಕ್ ಮತ್ತು ವಾಟ್ಸನ್ ತೋರಿಸಿಕೊಟ್ಟ ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ: ಲೀಟರಿಗೆ ಎಷ್ಟು ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೋ ಅದನ್ನು ಸಂಪರ್ಕದ ನಿಮಿಷಗಳಿಂದ ಗುಣಿಸಿದರೆ ಬರುವುದೇ ‘ಸಿಟಿ’ ಮೌಲ್ಯ. ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) 8ಕ್ಕಿಂತ ಕಡಿಮೆ ಇರುವಾಗ ಕನಿಷ್ಠ 30 ನಿಮಿಷದ ನಂತರವೂ ಲೀಟರಿಗೆ 0.5 ಮಿ.ಗ್ರಾಂ ಮುಕ್ತ ಕ್ಲೋರಿನ್ (ಬೇರೆ ಯಾವುದರ ಜೊತೆಗೂ ಕೂಡದ ಕ್ಲೋರಿನ್) ಉಳಿದಿರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಸಿಟಿ 15. ನೀರು ಬಳಕೆದಾರರ ನಲ್ಲಿಗೆ ಬರುವಾಗ ಕನಿಷ್ಠ 0.2 ಮಿ.ಗ್ರಾಂ ಇರಬೇಕು.

ತಪ್ಪುವುದು ಹೆಚ್ಚಾಗಿ ‘ಹೊತ್ತಿ’ನ ಲೆಕ್ಕದಲ್ಲಿ. ಒಂದು ಟ್ಯಾಂಕ್ 100 ಘನ ಮೀಟರ್, ಹರಿವು ಗಂಟೆಗೆ 50 ಘನ ಮೀಟರ್ ಎಂದುಕೊಳ್ಳಿ. ಕಾಗದದ ಮೇಲೆ ನೀರು 120 ನಿಮಿಷ ನಿಲ್ಲುತ್ತದೆ. ಆದರೆ ಒಳಗೆ ಅಡ್ಡಗೋಡೆಯಿಲ್ಲದ, ಒಳಹರಿವು ಹೊರಹರಿವು ಪಕ್ಕಪಕ್ಕದಲ್ಲೇ ಇರುವ ಟ್ಯಾಂಕಿನಲ್ಲಿ ನೀರಿನ ಒಂದು ಪಾಲು ಅಡ್ಡದಾರಿ ಹಿಡಿದು ನೇರ ಹೊರಗೆ ಹೋಗುತ್ತದೆ. ಅಂಥ ಟ್ಯಾಂಕಿಗೆ 0.1 ಎಂಬ ಗುಣಾಂಕ ಹಾಕುವುದು ರೂಢಿ: 120ರಲ್ಲಿ ಲೆಕ್ಕಕ್ಕೆ ಬರುವುದು 12 ನಿಮಿಷ ಮಾತ್ರ. 0.5 ಮಿ.ಗ್ರಾಂ ಉಳಿಕೆಗೆ ಸಿಟಿ 6. ಅದೇ ಟ್ಯಾಂಕಿನಲ್ಲಿ ನೀರು ಹಾವಿನಂತೆ ತಿರುಗಿ ಹೋಗುವ ಹಾಗೆ ಗೋಡೆಗಳನ್ನು ಕಟ್ಟಿ ಗುಣಾಂಕವನ್ನು 0.5ಕ್ಕೆ ತಂದರೆ 60 ನಿಮಿಷ, ಸಿಟಿ 30. ಒಂದು ಗ್ರಾಂ ಕ್ಲೋರಿನ್ನೂ ಹೆಚ್ಚಿಗೆ ಬೇಕಾಗಲಿಲ್ಲ. ನಮ್ಮ ಮಟ್ಟಿಗೆ, ಡೋಸು ಏರಿಸುವ ಮುನ್ನ ಟ್ಯಾಂಕಿನ ಒಳಗೆ ಇಣುಕಿ ನೋಡುವುದು ಜಾಣತನ.

ಇನ್ನೆರಡು ಮಾತು. ಲೆಕ್ಕಕ್ಕೆ ಹಿಡಿಯಬೇಕಾದ್ದು ಹಾಕಿದ ಡೋಸಲ್ಲ, ಟ್ಯಾಂಕಿನಿಂದ ಹೊರಬೀಳುವಾಗ ಉಳಿದ ಕ್ಲೋರಿನ್. ಹರಿವು ಅತಿ ಹೆಚ್ಚು, ನೀರಿನ ಮಟ್ಟ ಅತಿ ಕಡಿಮೆ ಇರುವ ಹೊತ್ತಿನ ಅಂಕಿಗಳನ್ನೇ ತೆಗೆದುಕೊಳ್ಳಬೇಕು. ಸರಾಸರಿ ತೆಗೆದರೆ ಬಳಕೆ ಹೆಚ್ಚಿರುವ ಬೆಳಗಿನ ನೀರು ಲೆಕ್ಕದಿಂದ ಜಾರಿಹೋಗುತ್ತದೆ.

ಡೋಸು ಬದಲಾಗಿಲ್ಲ, ಟ್ಯಾಂಕೂ ಅದೇ. ಆದರೂ ಫಲಿತಾಂಶ ಕೆಟ್ಟದ್ದೇಕೆ?

ಮೊದಲು ಪಿಎಚ್ ನೋಡಿ. ನೀರಿಗೆ ಬಿದ್ದ ಕ್ಲೋರಿನ್ ಎರಡು ರೂಪದಲ್ಲಿರುತ್ತದೆ: ಹೈಪೋಕ್ಲೋರಸ್ ಆಮ್ಲ ಮತ್ತು ಹೈಪೋಕ್ಲೋರೈಟ್ ಅಯಾನು. ಕೊಲ್ಲುವ ಕೆಲಸ ಮುಖ್ಯವಾಗಿ ಮೊದಲನೆಯದರದ್ದು. ಅದಕ್ಕೆ ವಿದ್ಯುದಾವೇಶ ಇಲ್ಲದ್ದರಿಂದ ಬ್ಯಾಕ್ಟೀರಿಯಾದ ಪೊರೆಯನ್ನು ಸಲೀಸಾಗಿ ದಾಟುತ್ತದೆ. ಪಿಎಚ್ 6.5ರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಈ ಆಮ್ಲವೇ, 7.5ರಲ್ಲಿ ಸುಮಾರು ಅರ್ಧ, 8.5ರಲ್ಲಿ ಹತ್ತರಲ್ಲಿ ಒಂದು ಪಾಲು. ಉಳಿಕೆ ಅಳೆಯುವ ಮಾಪಕ ಎರಡೂ ರೂಪವನ್ನು ಒಟ್ಟಿಗೇ ತೋರಿಸುವುದರಿಂದ ಓದು 0.5 ಎಂದೇ ಇರುತ್ತದೆ, ಕಸುವು ಮಾತ್ರ ಇಳಿದಿರುತ್ತದೆ. ತುಕ್ಕು ತಡೆಯಲು ಸುಣ್ಣ ಹಾಕಿ ಪಿಎಚ್ ಏರಿಸುವ ಕಡೆ ಕ್ಲೋರಿನ್ ಸಂಪರ್ಕದ ಅವಧಿ ಮುಗಿದ ಮೇಲೆ ಸುಣ್ಣ ಹಾಕಬೇಕು. ಮೊದಲೇ ಹಾಕಿದರೆ ಕ್ಲೋರಿನ್ನಿನ ಕೈ ಕಟ್ಟಿದ ಹಾಗೆ.

ನೀರು ತಣ್ಣಗಾದಷ್ಟೂ ಕೆಲಸ ನಿಧಾನ. ಉಷ್ಣತೆ 10 ಡಿಗ್ರಿ ಇಳಿದರೆ ಬೇಕಾಗುವ ಸಿಟಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ.

ಮೂರನೆಯದು ಕಲಕು. ಮಣ್ಣಿನ ಕಣದ ಸಂದಿಯಲ್ಲೋ ಕೊಳೆತ ಎಲೆಯ ಚೂರಿನಲ್ಲೋ ಕೂತ ಬ್ಯಾಕ್ಟೀರಿಯಾಗೆ ಅದೇ ಗುರಾಣಿ. ಜೊತೆಗೆ ಆ ಸಾವಯವ ವಸ್ತು ತಾನೇ ಕ್ಲೋರಿನ್ನನ್ನು ತಿಂದುಹಾಕುತ್ತದೆ. ಕ್ಲೋರಿನ್ ಹಾಕುವ ಜಾಗದಲ್ಲಿ ಕಲಕು 1 ಎನ್‌ಟಿಯು (ಕಲಕು ಅಳೆಯುವ ಮಾನ) ಒಳಗಿರಬೇಕು.

2000ದ ಮೇ ತಿಂಗಳಲ್ಲಿ ಕೆನಡಾದ ವಾಕರ್ಟನ್ ಪಟ್ಟಣದಲ್ಲಿ ಆದದ್ದು ಇದೇ. ಜೋರು ಮಳೆಗೆ ಜಾನುವಾರು ಗೊಬ್ಬರದ ನೀರು ಆಳವಿಲ್ಲದ ಒಂದು ಬಾವಿಗೆ ಸೇರಿತು. ಹಾಕುತ್ತಿದ್ದ ಅಲ್ಪ ಕ್ಲೋರಿನ್ ಆ ಕೊಳೆಗೇ ಖರ್ಚಾಯಿತು. ಆ ಬಾವಿಗೆ ನಿರಂತರವಾಗಿ ಅಳೆಯುವ ಕ್ಲೋರಿನ್ ಮಾಪಕವೂ ಇರಲಿಲ್ಲ, ಕಲಕು ಮಾಪಕವೂ ಇರಲಿಲ್ಲ. 7 ಜನ ಸತ್ತರು, ಸುಮಾರು 2,300 ಮಂದಿ ಕಾಯಿಲೆ ಬಿದ್ದರು. ಕಾರಣವಾದ ಇ. ಕೋಲಿ ಒ157 ಕ್ಲೋರಿನ್ ತಗುಲಿದರೆ ಸುಲಭವಾಗಿ ಸಾಯುವ ಜೀವಿ ಎಂಬುದನ್ನು ಗಮನಿಸಿ.

ವಾಸನೆ ಮೂಗಿಗೆ ಬಡಿಯುತ್ತಿದೆ. ಕ್ಲೋರಿನ್ ಸಾಕಷ್ಟಿದೆ ಎಂದಲ್ಲವೇ?

ಹಾಗೇನಿಲ್ಲ, ಎಷ್ಟೋ ಸಲ ಉಲ್ಟಾ. ನೀರಿನಲ್ಲಿ ಅಮೋನಿಯಾ ಇದ್ದರೆ ಕ್ಲೋರಿನ್ ಅದರ ಜೊತೆ ಕೂಡಿ ಕ್ಲೋರಮೈನ್ ಆಗುತ್ತದೆ. ಘಾಟು ಬರುವುದು ಹೆಚ್ಚಾಗಿ ಡೈಕ್ಲೋರಮೈನಿನಿಂದ. ಒಟ್ಟು ಕ್ಲೋರಿನ್ 1 ಮಿ.ಗ್ರಾಂ ಎಂದು ಓದಿದರೂ ಮುಕ್ತ ಕ್ಲೋರಿನ್ ಸೊನ್ನೆ ಇರಬಹುದು. ಅಮೋನಿಯಾ ಪೂರ್ತಿ ಮುಗಿದು ಮುಕ್ತ ಕ್ಲೋರಿನ್ ಕಾಣಿಸಿಕೊಳ್ಳಲು ಪ್ರತಿ 1 ಮಿ.ಗ್ರಾಂ ಅಮೋನಿಯಾ ಸಾರಜನಕಕ್ಕೆ ಲೆಕ್ಕದ ಪ್ರಕಾರ 7.6 ಮಿ.ಗ್ರಾಂ, ಕೆಲಸದಲ್ಲಿ ಸುಮಾರು 10 ಮಿ.ಗ್ರಾಂ ಕ್ಲೋರಿನ್ ಬೇಕು. ಆ ತಿರುವಿನ ತನಕ ಡೋಸು ಏರಿಸಿದಂತೆ ಉಳಿಕೆ ಮೊದಲು ಏರಿ, ಆಮೇಲೆ ಇಳಿಯುತ್ತದೆ. ಇಳಿದದ್ದನ್ನು ಕಂಡು ಗಾಬರಿಯಾಗಿ ಡೋಸು ತಗ್ಗಿಸುವುದು ಸಾಮಾನ್ಯ ತಪ್ಪು.

ಪೈಪಿನ ಒಳಗಿನ ಲೋಳೆಯ ಬಗ್ಗೆ ಯಾಕಿಷ್ಟು ಮಾತು?

ವಿತರಣಾ ಜಾಲದ ಬಹುಪಾಲು ಬ್ಯಾಕ್ಟೀರಿಯಾ ಇರುವುದು ಅಲ್ಲೇ. ಹರಿಯುವ ನೀರಿನಲ್ಲಿರುವವು ಅದರ ಒಂದು ಸಣ್ಣ ಪಾಲು. ಹಳೆಯ ಪೈಪಿನ ತುಂಡೊಂದನ್ನು ಕತ್ತರಿಸಿ ಒಳಗೆ ಬೆರಳಾಡಿಸಿದರೆ ಜಾರುವ ಜಿಡ್ಡು ಸಿಗುತ್ತದೆ. ಬ್ಯಾಕ್ಟೀರಿಯಾ ಸ್ರವಿಸಿದ ಸಕ್ಕರೆಯ ಸರಪಣಿಗಳು, ಪ್ರೋಟೀನು, ಸತ್ತ ಕೋಶಗಳು, ತುಕ್ಕು, ಹೂಳು ಎಲ್ಲ ಸೇರಿದ ಈ ಪದರಕ್ಕೆ ಬಯೋಫಿಲ್ಮ್ ಎನ್ನುತ್ತಾರೆ.

ಕ್ಲೋರಿನ್ ಒಳಗೆ ಇಳಿಯುವ ವೇಗಕ್ಕಿಂತ ಲೋಳೆಯ ಜೊತೆ ಪ್ರತಿಕ್ರಿಯಿಸಿ ಖರ್ಚಾಗುವ ವೇಗ ಹೆಚ್ಚು. ಮೇಲ್ಪದರ ಸಾಯುತ್ತದೆ, ತಳದವು ಸುರಕ್ಷಿತ. ತಳದಲ್ಲಿ ಆಹಾರ, ಆಮ್ಲಜನಕ ಎರಡೂ ಕಡಿಮೆಯಾದ್ದರಿಂದ ಅವು ನಿಧಾನವಾಗಿ ಬದುಕುತ್ತವೆ, ಹಾಗೆ ಬದುಕುವ ಕೋಶಗಳನ್ನು ಕೊಲ್ಲುವುದು ಮೊದಲೇ ಕಷ್ಟ. ಮೇಲ್ಮೈಗೆ ಅಂಟಿದ ಬ್ಯಾಕ್ಟೀರಿಯಾದ ತಾಳಿಕೆ ತೇಲುವವುಗಳಿಗಿಂತ 150ರಿಂದ 3,000 ಪಟ್ಟು ಹೆಚ್ಚಿದ್ದನ್ನು ಪ್ರಯೋಗಗಳು ತೋರಿಸಿವೆ. ಕಬ್ಬಿಣದ ಪೈಪಾದರೆ ಇನ್ನೂ ಕಷ್ಟ: ತುಕ್ಕಿನ ಗಂಟುಗಳು ಜಾಗವನ್ನೂ ಕೊಡುತ್ತವೆ, ಕ್ಲೋರಿನ್ನನ್ನೂ ತಿನ್ನುತ್ತವೆ.

ಇಲ್ಲೊಂದು ತಮಾಷೆ. ತೇಲುವ ಬ್ಯಾಕ್ಟೀರಿಯಾದ ಮೇಲೆ ಮುಕ್ತ ಕ್ಲೋರಿನ್ನಿನ ಮುಂದೆ ಮೊನೊಕ್ಲೋರಮೈನ್ ಬಡಪಾಯಿ. ಆದರೆ ಅದು ಸಿಕ್ಕಸಿಕ್ಕದ್ದರ ಜೊತೆ ಪ್ರತಿಕ್ರಿಯಿಸದೆ ಹೋಗುವುದರಿಂದ ಲೋಳೆಯ ಆಳಕ್ಕೆ ಇಳಿಯುತ್ತದೆ, ಪೈಪಿನ ಉದ್ದಕ್ಕೂ ಹೆಚ್ಚು ದೂರ ಉಳಿಯುತ್ತದೆ. ಅದರ ಖರ್ಚು ಬೇರೆ ಥರದ್ದು: ಬಿಡುಗಡೆಯಾದ ಅಮೋನಿಯಾವನ್ನು ತಿಂದು ಬೆಳೆಯುವ ನೈಟ್ರೀಕರಣದ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವೆ. ಉಳಿಕೆ ಇಳಿಯುವುದು, ನೈಟ್ರೈಟ್ ಏರುವುದು, ಪಿಎಚ್ ತುಸು ಜಾರುವುದು ಒಟ್ಟಿಗೆ ಕಂಡರೆ ನೈಟ್ರೀಕರಣ ಶುರುವಾಗಿದೆ ಎಂದೇ ತಿಳಿಯಿರಿ. ಆಗ ಕೆಲವು ವಾರ ಮುಕ್ತ ಕ್ಲೋರಿನ್ನಿಗೆ ಬದಲಾಯಿಸಿ, ಪೈಪು ತೊಳೆದು, ಮತ್ತೆ ಕ್ಲೋರಮೈನಿಗೆ ಮರಳುವುದು ವಾಡಿಕೆ.

ಲೋಳೆ ಇದ್ದಲ್ಲೇ ಇದ್ದರೆ ತೊಂದರೆ ಅಷ್ಟಿಲ್ಲ. ವಾಲ್ವ್ ದಢಕ್ಕನೆ ತೆರೆದಾಗ, ಪಂಪ್ ನಿಂತು ಶುರುವಾದಾಗ, ಹರಿವಿನ ದಿಕ್ಕು ತಿರುಗಿದಾಗ ಚಕ್ಕೆಚಕ್ಕೆಯಾಗಿ ಕಿತ್ತು ಬರುತ್ತದೆ. ಒಂದು ದಿನ ಮಾದರಿ ಕೆಟ್ಟು ಮರುದಿನ ಸರಿಯಾಗುವುದಕ್ಕೆ ಇದೂ ಒಂದು ಕಾರಣ.

ಅಮೀಬಾದೊಳಗೆ ಬ್ಯಾಕ್ಟೀರಿಯಾ ಅಡಗಿಕೊಳ್ಳುತ್ತವೆ ಎನ್ನುವುದು ನಿಜವೇ?

ನಿಜ. ಅಮೀಬಾ ಲೋಳೆಯ ಮೇಲೆ ಮೇಯುತ್ತ ಬ್ಯಾಕ್ಟೀರಿಯಾವನ್ನು ನುಂಗುತ್ತದೆ. ಹೆಚ್ಚಿನವು ಜೀರ್ಣವಾಗುತ್ತವೆ. ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಜೀರ್ಣ ಆಗುವುದಿಲ್ಲ, ಒಳಗೇ ಮರಿಹಾಕುತ್ತದೆ. ಪರಿಸ್ಥಿತಿ ಕೆಟ್ಟಾಗ ಅಮೀಬಾ ದಪ್ಪ ಗೋಡೆಯ ಕೋಶಕವಾಗಿ ಮುದುಡಿಕೊಳ್ಳುತ್ತದೆ. ಅಕಾಂತಮೀಬಾ ಎಂಬ ಅಮೀಬಾದ ಕೋಶಕದೊಳಗಿನ ಲೀಜಿಯೊನೆಲ್ಲಾ ಲೀಟರಿಗೆ 50 ಮಿ.ಗ್ರಾಂ ಮುಕ್ತ ಕ್ಲೋರಿನ್ನನ್ನೂ ತಾಳಿಕೊಂಡು ಬದುಕಿದ್ದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಕುಡಿಯುವ ನೀರಿನಲ್ಲಿ ಇರುವುದರ ನೂರು ಪಟ್ಟು ಅದು.

1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದವರಲ್ಲಿ ನ್ಯುಮೋನಿಯಾ ಹರಡಿದಾಗ ಈ ಬ್ಯಾಕ್ಟೀರಿಯಾ ಬೆಳಕಿಗೆ ಬಂತು. ಇದು ಕುಡಿಯುವುದರಿಂದ ಅಷ್ಟಾಗಿ ಬರುವುದಿಲ್ಲ, ಶವರಿನ, ಕೂಲಿಂಗ್ ಟವರಿನ ಸೂಕ್ಷ್ಮ ಹನಿಗಳನ್ನು ಉಸಿರಾಡಿದಾಗ ಬರುತ್ತದೆ. 25ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಚೆನ್ನಾಗಿ ಬೆಳೆಯುತ್ತದೆ. ಆದ್ದರಿಂದ ದೊಡ್ಡ ಕಟ್ಟಡಗಳಲ್ಲಿ ಕ್ಲೋರಿನ್ನಿಗಿಂತ ಉಷ್ಣತೆಯ ಹತೋಟಿ ಹೆಚ್ಚು ನಂಬಿಕಸ್ಥ: ಬಿಸಿನೀರಿನ ಟ್ಯಾಂಕ್ 60 ಡಿಗ್ರಿ, ನಲ್ಲಿಯಲ್ಲಿ 50ಕ್ಕಿಂತ ಮೇಲೆ, ತಣ್ಣೀರು 25ರ ಕೆಳಗೆ. 60 ಡಿಗ್ರಿಯ ನೀರು ಮೈ ಸುಡುತ್ತದೆ, ಬಳಸುವ ಜಾಗದಲ್ಲಿ ಮಿಶ್ರಣದ ವಾಲ್ವ್ ಬೇಕು.

ಹುಟ್ಟಿನಿಂದಲೇ ಗಟ್ಟಿಯಾದ ಬ್ಯಾಕ್ಟೀರಿಯಾ ಯಾವುವು?

ಕ್ಷಯದ ಬ್ಯಾಕ್ಟೀರಿಯಾದ ಬಂಧುಗಳಾದ, ಆದರೆ ಕ್ಷಯ ತರದ ಮೈಕೋಬ್ಯಾಕ್ಟೀರಿಯಾಗಳ ಕೋಶಗೋಡೆಯಲ್ಲಿ ಮೇಣದಂಥ ಮೈಕಾಲಿಕ್ ಆಮ್ಲದ ಪದರವಿದೆ. ಕ್ಲೋರಿನ್ ಅದನ್ನು ದಾಟಲು ಹೆಣಗಬೇಕು. ಮೈಕೋಬ್ಯಾಕ್ಟೀರಿಯಂ ಏವಿಯಂನ ಬೇರೆಬೇರೆ ತಳಿಗಳನ್ನು ಶೇ. 99.9 ಇಳಿಸಲು ಬೇಕಾದ ಸಿಟಿ 51ರಿಂದ 204. ಅದೇ ಪ್ರಯೋಗದಲ್ಲಿ ಇ. ಕೋಲಿಗೆ ಬೇಕಾದದ್ದು ಅದರ ನೂರಾರು ಪಟ್ಟು ಕಡಿಮೆ. ಕ್ಲಾಸ್ಟ್ರಿಡಿಯಂ, ಬ್ಯಾಸಿಲಸ್‌ಗಳ ಬೀಜಕಗಳೂ ಗಟ್ಟಿ ಜಾತಿಯವೇ.

ಇದರಿಂದ ಒಂದು ತೊಡಕು. ನೀರಿನ ಪರೀಕ್ಷೆಯಲ್ಲಿ ಎಲ್ಲರೂ ಹುಡುಕುವುದು ಇ. ಕೋಲಿಯನ್ನು. ಅದು ಸಿಕ್ಕರೆ ಮಲದ ಸಂಪರ್ಕ ಆಗಿದೆ ಎಂಬುದು ಖಚಿತ. ಸಿಗದಿದ್ದರೆ ಮೈಕೋಬ್ಯಾಕ್ಟೀರಿಯಾ, ಲೀಜಿಯೊನೆಲ್ಲಾ, ಸ್ಯೂಡೊಮೊನಾಸ್ ಇವುಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಆ್ಯಂಟಿಬಯೋಟಿಕ್ ವಿಷಯದಲ್ಲಿ ಆದಂತೆ ಕ್ಲೋರಿನ್ನಿಗೂ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುತ್ತವೆಯೇ?

ಅಷ್ಟರಮಟ್ಟಿಗೆ ಇಲ್ಲ. ಆ್ಯಂಟಿಬಯೋಟಿಕ್ ಸಾಮಾನ್ಯವಾಗಿ ಕೋಶದ ಒಂದು ಗೊತ್ತಾದ ಗುರಿಗೆ ಹೊಡೆಯುತ್ತದೆ, ಆ ಗುರಿ ಬದಲಾದರೆ ಔಷಧಿ ವಿಫಲ. ಕ್ಲೋರಿನ್ ಪೊರೆ, ಕಿಣ್ವ, ಡಿಎನ್‌ಎ ಎಲ್ಲವನ್ನೂ ಸುಡುತ್ತದೆ. ಆದರೆ ಹಸಿದು ಬೆಳೆದ ಬ್ಯಾಕ್ಟೀರಿಯಾ, ಅಂದರೆ ಪೋಷಕಾಂಶ ಕಡಿಮೆ ಇರುವ ಪೈಪಿನ ನೀರಿನಲ್ಲಿ ಬೆಳೆದವು, ಪ್ರಯೋಗಾಲಯದ ಸಾರಿನಲ್ಲಿ ಕೊಬ್ಬಿದವುಗಳಿಗಿಂತ ಹೆಚ್ಚು ತಾಳುತ್ತವೆ.

ಪ್ರಯೋಗಾಲಯ ‘ಇಲ್ಲ’ ಎಂದಿತು. ನಂಬಬಹುದೇ?

ಮಾದರಿ ಹೇಗೆ ತೆಗೆದರು ಎಂಬುದನ್ನು ಮೊದಲು ಕೇಳಿ. ಬಾಟಲಿಯಲ್ಲಿ ಕ್ಲೋರಿನ್ ಅಡಗಿಸುವ ಸೋಡಿಯಂ ಥಯೋಸಲ್ಫೇಟ್ ಇಲ್ಲದಿದ್ದರೆ ಪ್ರಯೋಗಾಲಯ ಮುಟ್ಟುವ ತನಕ ಕ್ಲೋರಿನ್ ತನ್ನ ಕೆಲಸ ಮುಂದುವರಿಸುತ್ತಲೇ ಇರುತ್ತದೆ. ನಲ್ಲಿಯಲ್ಲಿದ್ದ ಬ್ಯಾಕ್ಟೀರಿಯಾ ದಾರಿಯಲ್ಲೇ ಸಾಯುತ್ತವೆ, ವರದಿ ಶುಭ್ರ. 120 ಮಿ.ಲೀ ಬಾಟಲಿಗೆ ಶೇ. 3ರ ದ್ರಾವಣ 0.1 ಮಿ.ಲೀ ಹಾಕಿದರೆ ಲೀಟರಿಗೆ 5 ಮಿ.ಗ್ರಾಂ ತನಕದ ಕ್ಲೋರಿನ್ ಅಡಗುತ್ತದೆ.

ತೆಗೆಯುವ ಕ್ರಮ ಹೀಗೆ: ನಲ್ಲಿಯ ತುದಿಯ ಜಾಲರಿ ಬಿಚ್ಚಿ, ಬಾಯಿಯನ್ನು ಹೈಪೋಕ್ಲೋರೈಟ್ ದ್ರಾವಣದಿಂದ ಒರೆಸಿ, 2–3 ನಿಮಿಷ ನೀರು ಹರಿಯಬಿಡಿ. ಬಾಟಲಿಯನ್ನು ಆ ನೀರಿನಿಂದ ತೊಳೆಯಬೇಡಿ, ಒಳಗಿನ ಥಯೋಸಲ್ಫೇಟ್ ಕೊಚ್ಚಿಹೋಗುತ್ತದೆ. ಕುಲುಕಲು ಮೇಲೆ ಒಂದಿಷ್ಟು ಜಾಗ ಬಿಟ್ಟು ತುಂಬಿಸಿ. ಬೆಳಕು ತಾಗದಂತೆ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ 10 ಡಿಗ್ರಿಯ ಒಳಗಿಟ್ಟು ಅದೇ ದಿನ, ತಪ್ಪಿದರೆ 24 ಗಂಟೆಯೊಳಗೆ ತಲುಪಿಸಿ. ಹುಡುಕುತ್ತಿರುವುದು ಲೀಜಿಯೊನೆಲ್ಲಾ ಆಗಿದ್ದರೆ ಜಾಲರಿ ಬಿಚ್ಚಬೇಡಿ, ನೀರು ಹರಿಸಬೇಡಿ, ಮೊದಲ ನೀರನ್ನೇ ಹಿಡಿಯಿರಿ.

ಕ್ರಮ ಸರಿಯಿದ್ದರೂ ಇನ್ನೊಂದು ಸಂಗತಿ ಇದೆ. ಕ್ಲೋರಿನ್ ಪೆಟ್ಟು ತಿಂದ ಕೋಶಗಳು ಸಾಯದೆ ಸುಸ್ತಾಗಿ ಬಿದ್ದಿರುತ್ತವೆ. ಪಿತ್ತಲವಣ ಹಾಕಿದ ಕಟು ಮಾಧ್ಯಮದ ಮೇಲೆ ಅವು ಕಾಲೊನಿ ಕಟ್ಟುವುದಿಲ್ಲ. ಇನ್ನು ಕೆಲವು ‘ಜೀವಂತ, ಆದರೆ ಬೆಳೆಯದ’ ಸ್ಥಿತಿಗೆ ಹೋಗುತ್ತವೆ. ಕಾಲರಾ ಬ್ಯಾಕ್ಟೀರಿಯಾದಲ್ಲಿ ಇದನ್ನು 1982ರಲ್ಲಿ ರೀಟಾ ಕಾಲ್ವೆಲ್ ಮತ್ತು ಜೊತೆಗಾರರು ವರದಿ ಮಾಡಿದರು. ನೀರಿನ ಒಟ್ಟು ಬ್ಯಾಕ್ಟೀರಿಯಾ ಎಣಿಸಲು ಆರ್2ಎ ಎಂಬ ತೆಳು ಆಹಾರದ ಅಗಾರ್ ಮೇಲೆ, 20–28 ಡಿಗ್ರಿಯಲ್ಲಿ, 5–7 ದಿನ ಬಿಟ್ಟು ನೋಡುವುದು ಮೇಲು. 35 ಡಿಗ್ರಿಯ ಎರಡು ದಿನದ ತಟ್ಟೆಯಲ್ಲಿ ಕಾಣದವು ಅಲ್ಲಿ ಕಾಣುತ್ತವೆ.

ಉಳಿಕೆ ಕ್ಲೋರಿನ್ ಅಳೆಯುವಾಗ ಎಲ್ಲಿ ತಪ್ಪುತ್ತದೆ?

ಹಳದಿ ಬಣ್ಣ ಕೊಡುವ ಆರ್ಥೊಟಾಲಿಡಿನ್ ಪರೀಕ್ಷೆ ಬಿಡಿ. ಅದು ಮುಕ್ತ, ಸಂಯುಕ್ತ (ಅಮೋನಿಯಾದಂಥವುಗಳ ಜೊತೆ ಕೂಡಿದ್ದು) ಎಂದು ಸರಿಯಾಗಿ ಬೇರ್ಪಡಿಸುವುದಿಲ್ಲ, ರಾಸಾಯನಿಕವೂ ಆರೋಗ್ಯಕ್ಕೆ ಒಳ್ಳೆಯದಲ್ಲ. ಗುಲಾಬಿ ಬಣ್ಣ ಕೊಡುವ ಡಿಪಿಡಿ ಎಂಬ ಪರೀಕ್ಷೆ ಬಳಸಿ. 10 ಮಿ.ಲೀ ನೀರಿಗೆ 1ನೇ ನಂಬರಿನ ಮಾತ್ರೆ ಪುಡಿಮಾಡಿ ಕರಗಿಸಿ, ಒಂದು ನಿಮಿಷದೊಳಗೆ ಗುಲಾಬಿ ಬಣ್ಣ ಓದಿದರೆ ಮುಕ್ತ ಕ್ಲೋರಿನ್. ಅದೇ ನಳಿಕೆಗೆ 3ನೇ ನಂಬರಿನ ಮಾತ್ರೆ ಹಾಕಿ 2 ನಿಮಿಷ ಬಿಟ್ಟು ಓದಿದರೆ ಒಟ್ಟು. ವ್ಯತ್ಯಾಸವೇ ಸಂಯುಕ್ತ ಕ್ಲೋರಿನ್. ಮೊದಲ ಓದನ್ನು ತಡಮಾಡಿದರೆ ಕ್ಲೋರಮೈನ್ ಕೂಡ ಬಣ್ಣ ಕೊಡಲು ಶುರುಮಾಡಿ ಮುಕ್ತ ಕ್ಲೋರಿನ್ ಹೆಚ್ಚೆಂದು ತೋರುತ್ತದೆ.

ಗುಲಾಬಿ ಮಿಂಚಿ ತಕ್ಷಣ ಮಾಯವಾದರೆ ಕ್ಲೋರಿನ್ ಇಲ್ಲವೆಂದು ಬರೆದುಕೊಳ್ಳಬೇಡಿ. ವಿಪರೀತ ಇದೆ, ಬಣ್ಣವನ್ನೇ ಬಿಳಿಚಿಸಿದೆ. ಕ್ಲೋರಿನ್ ಇಲ್ಲದ ನೀರಿನಿಂದ ಹತ್ತು ಪಟ್ಟು ತೆಳುಮಾಡಿ ಮತ್ತೆ ಅಳೆದು, ಹತ್ತರಿಂದ ಗುಣಿಸಿ.

ಯುವಿ (ಅತಿನೇರಳೆ ಬೆಳಕು) ಅಥವಾ ಓಝೋನ್ ಹಾಕಿದರೆ ಈ ತಾಪತ್ರಯ ಇರುವುದಿಲ್ಲವಲ್ಲ?

ಎರಡೂ ಬಲವಾದವು, ಎರಡಕ್ಕೂ ಉಳಿಕೆ ಇಲ್ಲ. ದೀಪ ದಾಟಿದ ನೀರಿಗೆ ಮುಂದಿನ ಪೈಪಿನಲ್ಲಿ ಕಾವಲುಗಾರ ಯಾರೂ ಇರುವುದಿಲ್ಲ. ಯುವಿ ಡಿಎನ್‌ಎಯನ್ನು ಮುರಿಯುತ್ತದೆ. ಡೋಸು ಕಡಿಮೆಯಾದರೆ ಇ. ಕೋಲಿಯಂಥವು ಸಾಮಾನ್ಯ ಬೆಳಕಿನಲ್ಲಿ ಅದನ್ನು ರಿಪೇರಿ ಮಾಡಿಕೊಳ್ಳುತ್ತವೆ. ಕುಡಿಯುವ ನೀರಿಗೆ ಚದರ ಸೆಂ.ಮೀ.ಗೆ 40 ಮಿಲಿಜೂಲ್ ಡೋಸನ್ನು ಹಿಡಿಯುವುದು ವ್ಯಾಪಕ ರೂಢಿ. ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಆ ಡೋಸು ಸಿಗುತ್ತಿದೆ ಎಂದಲ್ಲ. ಕ್ವಾರ್ಟ್ಜ್ ಕೊಳವೆಯ ಮೇಲೆ ಗಡಸು ನೀರಿನ ಬಿಳಿ ಪೊರೆ ಕಟ್ಟಿದರೆ ಬೆಳಕು ಒಳಗೇ ಉಳಿಯುತ್ತದೆ.

ಓಝೋನ್ ದೊಡ್ಡ ಸಾವಯವ ಅಣುಗಳನ್ನು ಚೂರುಮಾಡಿ ಬ್ಯಾಕ್ಟೀರಿಯಾಗೆ ಅಗಿಯಲು ಸುಲಭವಾದ ತುತ್ತಾಗಿಸುತ್ತದೆ. ಹಾಗಾಗಿ ಓಝೋನಿನ ನಂತರ ಆ ತುತ್ತನ್ನು ತಿಂದುಮುಗಿಸುವ ಜೈವಿಕ ಇದ್ದಿಲ ಫಿಲ್ಟರ್ ಇರಬೇಕು. ನೆದರ್ಲೆಂಡ್ಸ್‌ನಲ್ಲಿ ಉಳಿಕೆ ಕ್ಲೋರಿನ್ ಇಲ್ಲದೆಯೇ ನೀರು ಕೊಡುತ್ತಾರೆ. ಅಲ್ಲಿ ಬ್ಯಾಕ್ಟೀರಿಯಾಗೆ ಎಟುಕುವ ಇಂಗಾಲವನ್ನು ಲೀಟರಿಗೆ 10 ಮೈಕ್ರೊಗ್ರಾಂ ಆಸುಪಾಸಿಗೆ ಇಳಿಸುತ್ತಾರೆ, ಪೈಪಿನ ಒತ್ತಡ ಎಂದೂ ಬೀಳದಂತೆ ನೋಡಿಕೊಳ್ಳುತ್ತಾರೆ. ಆ ಎರಡೂ ಇಲ್ಲದೆ ಕ್ಲೋರಿನ್ ಮಾತ್ರ ಬಿಡುವ ಯೋಚನೆ ಒಳ್ಳೆಯದಲ್ಲ.

ಜಾಲದ ಕೊನೆಯ ನಲ್ಲಿಗಳಲ್ಲಿ ಉಳಿಕೆ ಸೊನ್ನೆ. ಎಲ್ಲಿಂದ ಹುಡುಕಬೇಕು?

ಸ್ಥಾವರದಿಂದ ಹೊರಟು ಪೈಪಿನ ಜೊತೆ ನಡೆಯುತ್ತ, ನಾಲ್ಕಾರು ಕಡೆ ಅಳೆಯಿರಿ. ನಿಧಾನವಾಗಿ ಇಳಿದಿದ್ದರೆ ನೀರಿಗೆ ವಯಸ್ಸಾಗಿದೆ: ಟ್ಯಾಂಕ್ ಅಗತ್ಯಕ್ಕಿಂತ ದೊಡ್ಡದು, ಬಳಕೆ ಕಡಿಮೆ. ಒಂದು ಜಾಗದಲ್ಲಿ ತಟ್ಟನೆ ಬಿದ್ದಿದ್ದರೆ ಅಲ್ಲಿ ಹಳೆಯ ಕಬ್ಬಿಣದ ಪೈಪು, ಅರ್ಧ ಮುಚ್ಚಿ ಮರೆತ ವಾಲ್ವ್, ಇಲ್ಲವೇ ಕೊಳಚೆ ಸೇರುವ ಬಿರುಕು ಇದೆ. ಬಿಟ್ಟುಬಿಟ್ಟು ನೀರು ಬಿಡುವ ಜಾಲದಲ್ಲಿ ಕೊನೆಯದನ್ನೇ ಮೊದಲು ಶಂಕಿಸಬೇಕು, ಯಾಕೆಂದರೆ ಒತ್ತಡ ಇಲ್ಲದ ಹೊತ್ತಿನಲ್ಲಿ ಹೊರಗಿನ ನೀರು ಒಳಗೆ ಇಳಿಯುತ್ತದೆ.

ತುದಿ ಮುಚ್ಚಿದ ಪೈಪುಗಳನ್ನು ತೊಳೆಯುವಾಗ ಒಂದೊಂದೇ ಕವಲನ್ನು ವಾಲ್ವಿನಿಂದ ಪ್ರತ್ಯೇಕಿಸಿ, ಶುದ್ಧ ನೀರು ಬರುವ ಕಡೆಯಿಂದ ಸೆಕೆಂಡಿಗೆ ಸುಮಾರು 1.5 ಮೀಟರ್ ವೇಗದಲ್ಲಿ ನೀರು ಬಿಡಿ. ಸುಮ್ಮನೆ ಕೊನೆಯ ವಾಲ್ವ್ ತೆರೆದಿಟ್ಟರೆ ಕಂದು ನೀರು ಬರುತ್ತದೆ, ಹೂಳು ಅಲ್ಲೇ ಕೂರುತ್ತದೆ.

ಸಂಗ್ರಹದ ಟ್ಯಾಂಕನ್ನು ಸೋಂಕುರಹಿತ ಮಾಡುವುದು ಹೇಗೆ?

ಮೊದಲು ಉಜ್ಜುವುದು, ಆಮೇಲೆ ಕ್ಲೋರಿನ್. ಲೋಳೆಯ ಮೇಲೆ ಕ್ಲೋರಿನ್ ಸುರಿಯುವುದು ದಂಡ. ಖಾಲಿಮಾಡಿ, ಗೋಡೆ, ತಳ, ಮುಚ್ಚಳದ ಒಳಬದಿ ಎಲ್ಲ ಬ್ರಷ್‌ನಿಂದ ಉಜ್ಜಿ, ಹೂಳು ಹೊರಹಾಕಿ. ನಂತರ ಲೀಟರಿಗೆ 50 ಮಿ.ಗ್ರಾಂ ಆಗುವಂತೆ ಕ್ಲೋರಿನ್ ಬೆರೆಸಿ ತುಂಬಿಸಿ: 1,000 ಲೀಟರಿಗೆ ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ 1 ಲೀಟರ್, ಅಥವಾ ಶೇ. 33 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ 150 ಗ್ರಾಂ. ಪೌಡರನ್ನು ನೇರ ಸುರಿಯದೆ ಬಕೆಟಿನಲ್ಲಿ ಕಲಸಿ, ಸುಣ್ಣದ ಗಸಿ ತಳಕ್ಕೆ ಇಳಿದ ಮೇಲೆ ತಿಳಿಯನ್ನಷ್ಟೇ ಹಾಕಿ. 24 ಗಂಟೆ ಬಿಟ್ಟು, ಖಾಲಿಮಾಡಿ, ತೊಳೆದು, ಹೊಸ ನೀರಿನ ಉಳಿಕೆ ಅಳೆದ ಮೇಲೆ ಬಳಸಿ. ಆ ನೀರನ್ನು ಕೆರೆ, ತೊರೆಗೆ ಬಿಡಬೇಡಿ, ಮೀನು ಸಾಯುತ್ತವೆ. ಆಮ್ಲದ ಕ್ಲೀನರ್ ಜೊತೆ ಯಾವ ಕಾರಣಕ್ಕೂ ಬೆರೆಸಬೇಡಿ, ವಿಷಾನಿಲ ಬರುತ್ತದೆ. ಟ್ಯಾಂಕಿನೊಳಗೆ ಒಬ್ಬರೇ ಇಳಿಯಬೇಡಿ.

ಬ್ಲೀಚಿಂಗ್ ಪೌಡರಿನ ಚೀಲದ ಮೇಲಿನ ಅಂಕಿಯನ್ನು ಕುರುಡಾಗಿ ನಂಬುವಂತಿಲ್ಲ. ಬಾಯಿ ತೆರೆದಿಟ್ಟ, ತೇವ ತಗುಲಿದ, ಬಿಸಿಲಿಗೆ ಇಟ್ಟ ಪೌಡರ್ ಬಲ ಕಳೆದುಕೊಂಡಿರುತ್ತದೆ. ಹಾಕಿ ಅರ್ಧ ಗಂಟೆಯ ನಂತರ ಅಳೆದರೆ ಮಾತ್ರ ಗೊತ್ತಾಗುತ್ತದೆ.

ಮನೆಯ ನಲ್ಲಿ, ಫಿಲ್ಟರ್ ವಿಷಯದಲ್ಲಿ ಏನು ನೋಡಿಕೊಳ್ಳಬೇಕು?

ಇದ್ದಿಲ ಫಿಲ್ಟರ್ ಕ್ಲೋರಿನ್ನನ್ನು ತೆಗೆದುಹಾಕುತ್ತದೆ, ಸಾವಯವ ವಸ್ತುವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬ್ಯಾಕ್ಟೀರಿಯಾಗೆ ಇಷ್ಟು ಸಾಕು. ಕಾರ್ಟ್ರಿಜ್‌ ಅನ್ನು ಅವಧಿಗೆ ಸರಿಯಾಗಿ ಬದಲಾಯಿಸಿ, ಸೋಸಿದ ನೀರನ್ನು ದಿನಗಟ್ಟಲೆ ಇಟ್ಟುಕೊಳ್ಳಬೇಡಿ. ನಲ್ಲಿಯ ತುದಿಯ ಜಾಲರಿಯನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಮರಳಿನ ಕಣಗಳ ನಡುವೆ ಬೂದು ಲೋಳೆ ಕಾಣುತ್ತದೆ. ತಿಂಗಳಿಗೊಮ್ಮೆ ಅದನ್ನು ಉಜ್ಜಿ ತೊಳೆಯಿರಿ. ಕೆಲವು ದಿನ ಬಳಸದ ನಲ್ಲಿಯನ್ನು ಕೆಲವು ನಿಮಿಷ ಹರಿಯಬಿಟ್ಟು ನಂತರ ಬಳಸಿ. ನೀರಿನ ಬಗ್ಗೆ ಅನುಮಾನ ಬಂದ ದಿನ ಕುದಿಸಿ: ದೊಡ್ಡ ಗುಳ್ಳೆಗಳೆದ್ದು ಮಳಮಳನೆ ಮರಳಲು ಶುರುವಾದ ಮೇಲೆ 1 ನಿಮಿಷ, ಸಮುದ್ರಮಟ್ಟದಿಂದ 2,000 ಮೀಟರಿಗಿಂತ ಎತ್ತರದಲ್ಲಿ 3 ನಿಮಿಷ. ಆರಿಸುವಾಗ ಮುಚ್ಚಿಡಿ, ಕೈ ಅದ್ದಿ ಮೊಗೆಯಬೇಡಿ.

ಇಷ್ಟೆಲ್ಲ ಯಾಕೆ, ಡೋಸನ್ನೇ ಎರಡು ಪಟ್ಟು ಮಾಡಿದರೆ?

ತುರ್ತಿನಲ್ಲಿ ಮಾಡಬಹುದು, ಅದೇ ರೂಢಿಯಾಗಬಾರದು. ಕುಡಿಯುವ ನೀರಿನಲ್ಲಿ ಕ್ಲೋರಿನ್ನಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಿತಿ ಲೀಟರಿಗೆ 5 ಮಿ.ಗ್ರಾಂ. ಅದಕ್ಕಿಂತ ಎಷ್ಟೋ ಕೆಳಗೇ ಜನ ರುಚಿ ತಾಳದೆ ಬೇರೆ ನೀರಿಗೆ ಹೋಗುತ್ತಾರೆ, ಆ ಬೇರೆ ನೀರು ಇದಕ್ಕಿಂತ ಕೆಟ್ಟದ್ದಿರಬಹುದು. ಸಾವಯವ ವಸ್ತು ಹೆಚ್ಚಿರುವ ನೀರಿನಲ್ಲಿ ಟ್ರೈಹ್ಯಾಲೋಮೀಥೇನ್‌ನಂಥ, ಆರೋಗ್ಯಕ್ಕೆ ಒಳ್ಳೆಯದಲ್ಲದ ಉಪ ಉತ್ಪನ್ನಗಳೂ ಏರುತ್ತವೆ. ಡೋಸು ಏರಿಸಿದ ಮೇಲೂ ಅದೇ ನಲ್ಲಿಯಲ್ಲಿ ಉಳಿಕೆ ಸೊನ್ನೆಯೇ ಬರುತ್ತಿದ್ದರೆ, ಮರುದಿನ ಇನ್ನೂ ಒಂದು ಚೀಲ ತರಿಸುವ ಬದಲು ಆ ನಲ್ಲಿಗೂ ಹಿಂದಿನ ವಾಲ್ವಿಗೂ ನಡುವಿನ ಪೈಪನ್ನು ಅಗೆಸಿ ನೋಡಿ.